ಸೂಜಿ ಟೆಸ್ಟ್ ರಿಪೋರ್ಟ್ "ಹೇಳೋಕಾಗಲ್ಲ" ಅಂದಾಗ: ಥೈರಾಯ್ಡ್ ಗಂಟು ಮತ್ತು ಡಿಎನ್‌ಎ ಮೇಲಿನ ಮಿಥೈಲ್ ಗುರುತು

ಕುತ್ತಿಗೆಯಲ್ಲಿ ಗಂಟು ಇದೆ ಅಂತ ಗೊತ್ತಾದ ತಕ್ಷಣ ಯಾರಿಗಾದ್ರೂ ಮೊದಲು ಬರೋ ಯೋಚನೆ ಕ್ಯಾನ್ಸರ್ ಇರಬಹುದಾ ಅನ್ನೋದೇ. ಆದ್ರೆ ಥೈರಾಯ್ಡ್ ಗಂಟು ತುಂಬಾ ಸಾಮಾನ್ಯ, ಬೇರೆ ಯಾವುದೋ ಕಾರಣಕ್ಕೆ ಕುತ್ತಿಗೆ ಸ್ಕ್ಯಾನ್ ಮಾಡಿಸ್ಕೊಂಡವರಲ್ಲೂ ಸಿಗತ್ತೆ, ವಯಸ್ಸಾದಷ್ಟೂ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಅದರಲ್ಲಿ ಕ್ಯಾನ್ಸರ್ ಆಗಿರೋದು ನೂರಕ್ಕೆ ಸುಮಾರು 7ರಿಂದ 15 ಅಷ್ಟೇ. ಹಾಗಾಗಿ ಇಲ್ಲಿ ದೊಡ್ಡ ಕಷ್ಟ ಕ್ಯಾನ್ಸರ್ ಹುಡುಕೋದಲ್ಲ, "ಇದು ಕ್ಯಾನ್ಸರ್ ಅಲ್ಲ, ಆಪರೇಷನ್ ಬೇಡ" ಅಂತ ಧೈರ್ಯವಾಗಿ ಹೇಳೋದು. ಮಿಥೈಲೇಷನ್ ಮಾರ್ಕರ್, ಅಂದ್ರೆ ಡಿಎನ್‌ಎ ಮೇಲೆ ಕೂರೋ ಮಿಥೈಲ್ ಅನ್ನೋ ಸಣ್ಣ ರಾಸಾಯನಿಕ ಗುರುತು ನೋಡಿ ಗಂಟು ಎಂಥದು ಅಂತ ಹೇಳೋ ಸುಳಿವು, ಅದರ ಬಗ್ಗೆ ಓದೋವಾಗೆಲ್ಲ ಈ ಮಾತು ತಲೆಯಲ್ಲಿ ಇಟ್ಕೊಳ್ಳಿ, ಇಲ್ಲಾಂದ್ರೆ ಆ ಟೆಸ್ಟ್ ಯಾಕೆ ಬೇಕು ಅನ್ನೋದೇ ಅರ್ಥ ಆಗಲ್ಲ.

ಗಂಟು ಸ್ವಲ್ಪ ದೊಡ್ಡದಿದ್ರೆ ಅಥವಾ ಅಲ್ಟ್ರಾಸೌಂಡಲ್ಲಿ ಅನುಮಾನ ಬರೋ ಹಾಗಿದ್ರೆ ಡಾಕ್ಟರ್ ಎಫ್‌ಎನ್‌ಎಸಿ ಮಾಡಿಸ್ತಾರೆ, ಸಣ್ಣ ಸೂಜಿ ಹಾಕಿ ಒಂದಷ್ಟು ಜೀವಕೋಶ ಎಳೆದು ಗಾಜಿನ ಸ್ಲೈಡ್ ಮೇಲೆ ಹರಡಿ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋದು. ಪೆಥಾಲಜಿಸ್ಟ್ ಬರೆಯೋ ರಿಪೋರ್ಟಿಗೆ ಬೆಥೆಸ್ಡಾ ಪದ್ಧತಿ ಅಂತ ಒಂದಿದೆ, ಅಮೆರಿಕದ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ 2007ರಲ್ಲಿ ನಡೆದ ಸಭೆಯಿಂದ ಬಂದಿದ್ದು, ಅದರಲ್ಲಿ 6 ಗುಂಪು. 1 ಅಂದ್ರೆ ಸ್ಯಾಂಪಲ್ ಸಾಕಾಗಿಲ್ಲ, 2 ಅಂದ್ರೆ ತೊಂದರೆ ಇಲ್ಲದ ಗಂಟು, 6 ಅಂದ್ರೆ ಕ್ಯಾನ್ಸರ್, 5 ಅಂದ್ರೆ ಹೆಚ್ಚೂಕಮ್ಮಿ ಕ್ಯಾನ್ಸರ್ರೇ ಇರಬೇಕು. ಮಧ್ಯದ 3 ಮತ್ತು 4 ಇದಾವಲ್ಲ, ಅವೇ ತಲೆನೋವು. ಸೂಜಿ ಟೆಸ್ಟ್ ಮಾಡಿಸ್ಕೊಂಡ ನೂರು ಜನರಲ್ಲಿ 15ರಿಂದ 30 ಜನಕ್ಕೆ ಇಂಥ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ರಿಪೋರ್ಟ್ ಬರತ್ತೆ. ಟೆಸ್ಟ್ ಮಾಡಿಸಿಯೂ ಏನೂ ಗೊತ್ತಾಗದೆ ಮನೆಗೆ ಹೋಗೋದು ಎಷ್ಟು ಸಂಕಟ ಅಂತ ಆ ರಿಪೋರ್ಟ್ ಕೈಯಲ್ಲಿ ಹಿಡಿದವರಿಗೇ ಗೊತ್ತು.

ಇದು ಪೆಥಾಲಜಿಸ್ಟ್ ತಪ್ಪು ಅಂತ ಅಂದ್ಕೋಬೇಡಿ. ಪ್ಯಾಪಿಲರಿ ಅನ್ನೋ ಜಾತಿ, ಥೈರಾಯ್ಡ್ ಕ್ಯಾನ್ಸರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಅದೇ, ಅದರ ಕೋಶಗಳ ನ್ಯೂಕ್ಲಿಯಸ್ ನೋಡಿದ್ರೆ ಬಹಳ ಸಲ ಗುರುತು ಸಿಗತ್ತೆ, ಒಳಗೆ ಸೀಳು ಗೆರೆ ಇರತ್ತೆ, ಮಸುಕಾಗಿ ಕಾಣತ್ತೆ. ಫಾಲಿಕ್ಯುಲರ್ ಅನ್ನೋ ಜಾತಿಯಲ್ಲಿ ಹಾಗಲ್ಲ. ಫಾಲಿಕ್ಯುಲರ್ ಅಡಿನೋಮಾ ಅಂತ ಕ್ಯಾನ್ಸರ್ ಅಲ್ಲದ ಗಂಟು ಒಂದಿದೆ, ಫಾಲಿಕ್ಯುಲರ್ ಕಾರ್ಸಿನೋಮಾ ಅಂತ ಕ್ಯಾನ್ಸರ್ ಒಂದಿದೆ, ಎರಡರ ಕೋಶಗಳನ್ನ ಪಕ್ಕಪಕ್ಕ ಇಟ್ರೂ ಒಂದೇ ಥರ. ವ್ಯತ್ಯಾಸ ಇರೋದು ಗಂಟಿನ ಸುತ್ತ ಇರೋ ಸಿಪ್ಪೆಯಲ್ಲಿ, ಕೋಶಗಳು ಆ ಸಿಪ್ಪೆ ಒಡೆದು ಹೊರಗೆ ಬಂದಿದಾವಾ, ರಕ್ತನಾಳದೊಳಗೆ ನುಗ್ಗಿದಾವಾ ಅನ್ನೋದ್ರಲ್ಲಿ. ಸೂಜಿ ಒಳಗಿಂದ ನಾಲ್ಕು ಕೋಶ ಎಳೆದು ತರತ್ತೆ, ಸಿಪ್ಪೆ ಒಡೆದಿದ್ಯಾ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಹಣ್ಣಿನ ತಿರುಳು ಒಂದು ಚಮಚ ತಂದುಕೊಟ್ಟು ಸಿಪ್ಪೆ ಎಲ್ಲಿ ಬಿರುಕು ಬಿಟ್ಟಿದೆ ಹೇಳಿ ಅಂದ ಹಾಗೆ. ಹಾಗಾಗಿ ಗಂಟಿರೋ ಅರ್ಧ ಥೈರಾಯ್ಡ್ ತೆಗೆದು ಪೂರ್ತಿ ಕತ್ತರಿಸಿ ನೋಡಿದ ಮೇಲಷ್ಟೇ ಉತ್ತರ. ಹಾಗೆ ತೆಗೆದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ, 3 ಮತ್ತು 4ನೇ ಗುಂಪಲ್ಲಿ ಕ್ಯಾನ್ಸರ್ ಸಿಗೋದು ಸರಾಸರಿ ನೂರಕ್ಕೆ 20, 30ರ ಆಸುಪಾಸು.

ಅಂದ್ರೆ ನೂರು ಜನರಲ್ಲಿ 70, 80 ಜನಕ್ಕೆ ಬೇಡದ ಆಪರೇಷನ್. ಗಾಯದ ಗುರುತು ಒಂದು ಕಡೆ ಇರ್ಲಿ, ದನಿ ಪೆಟ್ಟಿಗೆಗೆ ಹೋಗೋ ನರ ಅಲ್ಲೇ ಪಕ್ಕದಲ್ಲಿ ಇರತ್ತೆ, ಅದಕ್ಕೆ ಪೆಟ್ಟಾದ್ರೆ ದನಿ ಹೋಗಬಹುದು. ಅರ್ಧ ಗ್ರಂಥಿ ತೆಗೆದ್ರೂ ಕೆಲವರಿಗೆ ಹಾರ್ಮೋನ್ ಸಾಲದೆ ಜೀವನಪೂರ್ತಿ ಮಾತ್ರೆ ತಗೋಬೇಕು, ಪೂರ್ತಿ ತೆಗೆದ್ರಂತೂ ಎಲ್ಲರೂ ತಗೋಬೇಕು.

ಹಾಗಾದ್ರೆ ಸೂಜಿಯಲ್ಲಿ ಬಂದ ಕೋಶದ ಡಿಎನ್‌ಎ ಓದಿ ಮ್ಯುಟೇಷನ್, ಅಂದ್ರೆ ಡಿಎನ್‌ಎ ಬರಹದಲ್ಲೇ ಆದ ಬದಲಾವಣೆ, ಇದ್ಯಾ ನೋಡಬಹುದಲ್ವಾ? ನೋಡಬಹುದು, ನೋಡ್ತಾರೆ ಕೂಡ. ಬ್ರಾಫ್ ಅನ್ನೋ ಜೀನಲ್ಲಿ ವಿ600ಇ ಅನ್ನೋ ಬದಲಾವಣೆ ಸಿಕ್ಕರೆ ಹೆಚ್ಚೂಕಮ್ಮಿ ಕ್ಯಾನ್ಸರ್ ಅಂತಲೇ, ಪ್ಯಾಪಿಲರಿ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಇರತ್ತೆ. ಆದ್ರೆ ಅದು ಸಿಗೋ ಗಂಟುಗಳು ಮೈಕ್ರೋಸ್ಕೋಪಲ್ಲೂ ಬಹಳ ಸಲ ಗೊತ್ತಾಗೋ ಅಂಥವೇ, ನಮಗೆ ಕಷ್ಟ ಕೊಡೋ ಫಾಲಿಕ್ಯುಲರ್ ಥರದ ಗಂಟುಗಳಲ್ಲಿ ಸಿಗೋದು ರಾಸ್ ಅನ್ನೋ ಜೀನ್‌ಗಳ ಬದಲಾವಣೆ, ಆ ರಾಸ್ ಬದಲಾವಣೆ ಕ್ಯಾನ್ಸರಲ್ಲೂ ಇರತ್ತೆ, ಅಡಿನೋಮಾದಲ್ಲೂ ಇರತ್ತೆ. ಸಿಕ್ಕರೂ ಅನುಮಾನ, ಏನೂ ಸಿಗದಿದ್ರೂ ಅನುಮಾನ. ಮಿಥೈಲೇಷನ್ ಕಡೆ ಜನ ತಿರುಗಿದ್ದಕ್ಕೆ ಇದೇ ದೊಡ್ಡ ಕಾರಣ.

ಈಗ ಮಿಥೈಲೇಷನ್ ಅಂದ್ರೆ ಏನು ಅಂತ ನೋಡೋಣ. ಡಿಎನ್‌ಎ ಅಂದ್ರೆ ಎ, ಸಿ, ಜಿ, ಟಿ ಅನ್ನೋ ನಾಲ್ಕು ಅಕ್ಷರದ ಉದ್ದನೆ ಬರಹ, ಇದು ಬಹಳ ಜನಕ್ಕೆ ಗೊತ್ತು. ಅದರ ಸಿ ಅಕ್ಷರದ ಮೇಲೆ ಒಂದು ಇಂಗಾಲ ಮೂರು ಜಲಜನಕ ಇರೋ ಪುಟ್ಟ ಗುಂಪೊಂದು ಬಂದು ಕೂರತ್ತೆ, ಅದೇ ಮಿಥೈಲ್. ನಮ್ಮ ಕಾಗುಣಿತ ನೆನಪು ಮಾಡ್ಕೊಳ್ಳಿ, ಕ ಅನ್ನೋದು ಕ ನೇ, ಆದ್ರೆ ಕೊಂಬು ಕೊಟ್ರೆ ಕು, ಇಳಿ ಕೊಟ್ರೆ ಕಾ, ಮೂಲ ಅಕ್ಷರ ಬದಲಾಗಲ್ಲ, ಓದೋ ರೀತಿ ಬದಲಾಗತ್ತೆ. ಮಿಥೈಲೂ ಹಾಗೇ, ಸಿ ಅನ್ನೋದು ಸಿ ಆಗೇ ಇರತ್ತೆ, ಆದ್ರೆ ಜೀನ್ ಶುರುವಾಗೋ ಜಾಗದಲ್ಲಿ ಇಂಥ ಗುರುತು ದಟ್ಟವಾಗಿ ಬಿದ್ರೆ ಸಾಮಾನ್ಯವಾಗಿ ಆ ಜೀನ್ ಬಾಯಿ ಮುಚ್ಚಿಕೊಳ್ಳತ್ತೆ. ಇದೇ ಕಾರಣಕ್ಕೆ ಕಣ್ಣಿನ ಕೋಶ, ಲಿವರ್ ಕೋಶ, ಥೈರಾಯ್ಡ್ ಕೋಶ ಮೂರರಲ್ಲೂ ಒಂದೇ ಡಿಎನ್‌ಎ ಇದ್ರೂ ಮಾಡೋ ಕೆಲಸ ಬೇರೆಬೇರೆ, ಮಿಥೈಲ್ ಒಂದೇ ಇದನ್ನೆಲ್ಲ ಮಾಡತ್ತೆ ಅಂತಲ್ಲ, ಆದ್ರೆ ಅದರ ಪಾತ್ರ ದೊಡ್ಡದು.

ಈ ಗುರುತು ಬೀಳೋದು ಹೆಚ್ಚಾಗಿ ಸಿ ಆದ ಮೇಲೆ ಜಿ ಬರೋ ಜಾಗದಲ್ಲಿ, ಅದಕ್ಕೆ ಸಿಪಿಜಿ ಅಂತಾರೆ. ಮನುಷ್ಯನ ಡಿಎನ್‌ಎಯಲ್ಲಿ ಇಂಥ ಜಾಗ ಸುಮಾರು 2.8 ಕೋಟಿ, ಅದರಲ್ಲಿ ನೂರಕ್ಕೆ 70, 80 ಜಾಗಗಳಲ್ಲಿ ಸಾಮಾನ್ಯವಾಗಿ ಗುರುತು ಇರತ್ತೆ. ಕೋಶ ಎರಡಾದಾಗ ಡಿಎನ್‌ಎ ಕಾಪಿ ಆಗತ್ತಲ್ಲ, ಆಗ ಡಿಎನ್‌ಎಂಟಿ1 ಅನ್ನೋ ಎನ್‌ಜೈಮ್ ಹಳೇ ಎಳೆ ನೋಡ್ಕೊಂಡು ಹೊಸ ಎಳೆ ಮೇಲೂ ಅದೇ ಜಾಗದಲ್ಲಿ ಗುರುತು ಹಾಕತ್ತೆ, ಹೀಗೆ ಕೋಶದಿಂದ ಕೋಶಕ್ಕೆ ಇದು ದಾಟ್ಕೊಂಡು ಹೋಗತ್ತೆ. ಕ್ಯಾನ್ಸರಲ್ಲಿ ಈ ವ್ಯವಸ್ಥೆ ಕೆಡತ್ತೆ. ಒಟ್ಟಾರೆ ಗುರುತು ಕಮ್ಮಿ ಆಗತ್ತೆ ಅನ್ನೋದು 1983ರಲ್ಲೇ ಗೊತ್ತಾಗಿತ್ತು, ಅದೇ ಹೊತ್ತಿಗೆ ಕ್ಯಾನ್ಸರ್ ತಡೆಯೋ ಕೆಲವು ಜೀನ್‌ಗಳ ಬಾಗಿಲಲ್ಲಿ ಮಾತ್ರ ಗುರುತು ಜಾಸ್ತಿ ಆಗತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಇರಬೇಕಾದ ಕಡೆ ಅಳಿಸಿ ಹೋಗೋದು, ಇರಬಾರದ ಕಡೆ ಬಂದು ಕೂರೋದು, ಎರಡೂ ಒಟ್ಟಿಗೆ.

ಥೈರಾಯ್ಡಲ್ಲಿ ಇದು ಹೇಗೆ ಕಾಣತ್ತೆ ಅಂದ್ರೆ, ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋ ಟಿಎಸ್‌ಎಚ್ ಹಾರ್ಮೋನ್ ಬಂದು ಅಂಟೋ ರಿಸೆಪ್ಟರ್ ಜೀನ್, ಅಯೋಡಿನ್ ಅನ್ನ ಕೋಶದೊಳಗೆ ತರೋ ಎನ್‌ಐಎಸ್ ಅನ್ನೋ ಪಂಪಿನ ಜೀನ್, ಇವು ಥೈರಾಯ್ಡ್ ಕೋಶ ಥೈರಾಯ್ಡ್ ಕೋಶವಾಗಿ ಇರೋಕೆ ಬೇಕಾದವು, ಕ್ಯಾನ್ಸರಲ್ಲಿ ಇವುಗಳ ಮೇಲೆ ಗುರುತು ಬಿದ್ದು ಇವು ಮುಚ್ಚಿಹೋಗೋದನ್ನ ಕಂಡಿದಾರೆ. ಎನ್‌ಐಎಸ್ ವಿಷಯ ರೋಗ ಪತ್ತೆಗಿಂತ ಚಿಕಿತ್ಸೆಗೆ ಮುಖ್ಯ, ಯಾಕಂದ್ರೆ ವಿಕಿರಣ ಸೂಸೋ ಅಯೋಡಿನ್ ಕೊಟ್ಟು ಕ್ಯಾನ್ಸರ್ ಕೋಶ ಸಾಯಿಸೋ ರೇಡಿಯೋ ಅಯೋಡಿನ್ ಚಿಕಿತ್ಸೆ ಕೆಲಸ ಮಾಡಬೇಕಾದ್ರೆ ಆ ಪಂಪ್ ತೆರೆದಿರ್ಬೇಕು, ಅದು ಮುಚ್ಚಿದ್ರೆ ಅಯೋಡಿನ್ ಒಳಗೇ ಹೋಗಲ್ಲ. ಟಿಂಪ್3 ಅಂತ ಇನ್ನೊಂದು ಜೀನ್, ಸುತ್ತಲಿನ ಅಂಗಾಂಶ ಕರಗಿಸೋ ಎನ್‌ಜೈಮ್‌ಗಳನ್ನ ತಡೆಯೋದು ಅದರ ಕೆಲಸ, ಬ್ರಾಫ್ ಬದಲಾವಣೆ ಇರೋ ಪ್ಯಾಪಿಲರಿ ಕ್ಯಾನ್ಸರಲ್ಲಿ ಅದು ಮುಚ್ಚಿರೋದು ಹೆಚ್ಚು ಕಂಡಿದೆ. ಫಾಲಿಕ್ಯುಲರ್ ಗಂಟುಗಳಲ್ಲಿ ಪಿಟೆನ್ ಅನ್ನೋ ಜೀನ್ ಮೇಲೆ ಗುರುತು ಕಂಡಿದೆ.

ಶುರುಶುರುವಲ್ಲಿ, ಅಂದ್ರೆ 2000ದ ನಂತರದ ಹತ್ತು ವರ್ಷ, ಹೀಗೆ ಒಂದೊಂದೇ ಜೀನ್ ಹಿಡ್ಕೊಂಡು ಹುಡುಕ್ತಿದ್ರು, ನಿರಾಸೆ ಆಗಿದ್ದೂ ಅಲ್ಲೇ. ಆರ್‌ಎಎಸ್‌ಎಸ್‌ಎಫ್1ಎ ಅನ್ನೋ ಜೀನ್ ತಗೊಳ್ಳಿ, ಥೈರಾಯ್ಡ್ ಕ್ಯಾನ್ಸರಲ್ಲಿ ಅದರ ಮೇಲೆ ಗುರುತು ಸಿಕ್ಕಾಗ ಇದೇ ಸಿಗಬೇಕಾಗಿದ್ದ ಮಾರ್ಕರ್ ಅನ್ನಿಸೋ ಹಾಗಿತ್ತು, ಆದ್ರೆ ಅಡಿನೋಮಾದಲ್ಲೂ ಸಿಗ್ತು, ಅಂದ್ರೆ ಗಂಟು ಬೆಳೆಯೋ ಶುರುವಿನಲ್ಲೇ ಆಗೋ ಬದಲಾವಣೆ ಅದು. ಗಂಟು ಇದೆ ಅಂತ ಹೇಳತ್ತೆ, ಎಂಥದು ಅಂತ ಹೇಳಲ್ಲ. ಗಂಟು ಇರೋದು ನಮಗೆ ಮೊದಲೇ ಗೊತ್ತಲ್ಲ!

ಅದಕ್ಕೇ ಈಗ ಯಾರೂ ಒಂದು ಜೀನ್ ನಂಬ್ಕೊಂಡು ಕೂತಿಲ್ಲ, ಹತ್ತಾರು ನೂರಾರು ಸಿಪಿಜಿ ಜಾಗಗಳನ್ನ ಒಟ್ಟಿಗೆ ನೋಡ್ತಾರೆ. ಒಂದೊಂದು ಜಾಗ ಬರೀ ಸಣ್ಣ ಸುಳಿವು ಕೊಡತ್ತೆ, ಎಲ್ಲ ಸೇರಿದಾಗ ಒಂದು ಮುಖಚರ್ಯೆ ಥರ ಆಗತ್ತೆ, ಮೂಗು ಒಂದನ್ನೇ ನೋಡಿ ಯಾರು ಅಂತ ಹೇಳೋದು ಕಷ್ಟ, ಮುಖ ಪೂರ್ತಿ ನೋಡಿದ್ರೆ ದೂರದಿಂದಲೇ ಗೊತ್ತಾಗತ್ತೆ. ಪ್ಯಾಪಿಲರಿ ಕ್ಯಾನ್ಸರಲ್ಲಿ, ಅದರಲ್ಲೂ ಬ್ರಾಫ್ ಬದಲಾವಣೆ ಇರೋದ್ರಲ್ಲಿ, ಗುರುತು ಅಳಿಸಿಹೋದ ಜಾಗಗಳೇ ಜಾಸ್ತಿ, ಹಾಗಾಗಿ ಎಲ್ಲಿ ಗುರುತು ಹೆಚ್ಚಾಗಿದೆ ಅಂತಷ್ಟೇ ಹುಡುಕ್ತಿದ್ದ ಹಳೇ ಕ್ರಮದಲ್ಲಿ ಅರ್ಧ ಕತೆ ತಪ್ಪಿಹೋಗ್ತಿತ್ತು.

ಇದನ್ನ ಅಳೆಯೋದು ಹೇಗೆ? ಮಾಮೂಲಿ ಡಿಎನ್‌ಎ ಓದೋ ಮಷಿನಿಗೆ ಮಿಥೈಲ್ ಇರೋ ಸಿ, ಇಲ್ಲದ ಸಿ ಎರಡೂ ಒಂದೇ. ಅದಕ್ಕೆ ಒಂದು ಉಪಾಯ ಇದೆ, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋ ಭಾಗ ಇದು. ಡಿಎನ್‌ಎಗೆ ಸೋಡಿಯಂ ಬೈಸಲ್ಫೈಟ್ ಹಾಕಿದ್ರೆ ಗುರುತಿಲ್ಲದ ಸಿ ಎಲ್ಲ ಬದಲಾಗಿ ಕೊನೆಗೆ ಟಿ ಅಂತ ಓದಿಸ್ಕೊಳ್ಳತ್ತೆ, ಮಿಥೈಲ್ ಇರೋ ಸಿ ಮಾತ್ರ ಜಗ್ಗಲ್ಲ, ಸಿ ಆಗೇ ಉಳಿಯತ್ತೆ. ಆಮೇಲೆ ಓದಿದ್ರೆ ಎಲ್ಲಿ ಸಿ ಉಳಿದಿದೆಯೋ ಅಲ್ಲಿ ಗುರುತಿತ್ತು, ಎಲ್ಲಿ ಟಿ ಆಗಿದೆಯೋ ಅಲ್ಲಿ ಇರಲಿಲ್ಲ. ಕಣ್ಣಿಗೆ ಕಾಣದ ಗುರುತನ್ನ ಅಕ್ಷರ ವ್ಯತ್ಯಾಸವಾಗಿ ಮಾಡಿಬಿಟ್ರು. ಹೀಗೆ ಓದೋ ಕ್ರಮ ಬಂದಿದ್ದು 1992ರಲ್ಲಿ, ಅದನ್ನೇ ಪಿಸಿಆರ್, ಅಂದ್ರೆ ಡಿಎನ್‌ಎ ಚೂರನ್ನ ಲಕ್ಷಾಂತರ ಕಾಪಿ ಮಾಡೋ ವಿಧಾನದ ಜೊತೆ ಸೇರಿಸಿ ಬೇಗ ಮಾಡೋ ವಿಧಾನ 1996ರಲ್ಲಿ. ಈಗ ಒಂದೇ ಚಿಪ್ ಮೇಲೆ 8.5 ಲಕ್ಷಕ್ಕೂ ಹೆಚ್ಚು ಜಾಗ ನೋಡಬಹುದು. ತೊಂದರೆ ಅಂದ್ರೆ ಬೈಸಲ್ಫೈಟ್ ಡಿಎನ್‌ಎಯನ್ನ ತುಂಡುತುಂಡು ಮಾಡತ್ತೆ, ಸೂಜಿಯಲ್ಲಿ ಬರೋದೇ ಚೂರು, ಅದರಲ್ಲೂ ನಷ್ಟ ಆದ್ರೆ ಕಷ್ಟ, ಅದಕ್ಕೆ ಎನ್‌ಜೈಮ್ ಬಳಸಿ ಮೆತ್ತಗೆ ಇದೇ ಕೆಲಸ ಮಾಡೋ ವಿಧಾನಗಳೂ ಬಂದಿದಾವೆ. ಮಿಥೈಲ್ ಟೆಸ್ಟಿನ ಒಂದು ಅನುಕೂಲ ಏನಂದ್ರೆ ಡಿಎನ್‌ಎ ಗಟ್ಟಿ. ಆರ್‌ಎನ್‌ಎ, ಅಂದ್ರೆ ಜೀನ್ ಕೆಲಸ ಮಾಡೋವಾಗ ಅದರಿಂದ ತಯಾರಾಗೋ ನಕಲು, ಅದನ್ನ ನೋಡೋ ಟೆಸ್ಟುಗಳಿಗೆ ಸ್ಯಾಂಪಲ್ಲನ್ನ ತುಂಬಾ ಜೋಪಾನ ಮಾಡ್ಬೇಕು, ಸ್ವಲ್ಪ ಹೊತ್ತಲ್ಲೇ ಹಾಳಾಗತ್ತೆ, ಮಿಥೈಲ್ ಗುರುತು ಡಿಎನ್‌ಎ ಮೇಲೆ ಬಿಗಿಯಾಗಿ ಕೂತಿರೋದ್ರಿಂದ ಮೇಣದಲ್ಲಿ ವರ್ಷಗಟ್ಟಲೆ ಇಟ್ಟ ಅಂಗಾಂಶದ ಹಳೇ ಬ್ಲಾಕ್‌ಗಳಿಂದಲೂ ಓದಬಹುದು.

ಇದೆಲ್ಲ ಬರೀ ಕನಸಲ್ಲ ಅನ್ನೋಕೆ ಮೆದುಳಿನ ಗಡ್ಡೆಗಳ ಉದಾಹರಣೆ ಇದೆ. ಜರ್ಮನಿಯ ಹೈಡೆಲ್‌ಬರ್ಗ್ ಗುಂಪು 2018ರಲ್ಲಿ 2,801 ಸ್ಯಾಂಪಲ್‌ಗಳ ಮಿಥೈಲ್ ಗುರುತು ಕಲಿಸಿದ ಕಂಪ್ಯೂಟರ್ ವಿಧಾನ ಪ್ರಕಟ ಮಾಡಿದ್ರು, ಹೊಸದಾಗಿ ಬಂದ ಕೇಸುಗಳಲ್ಲಿ ನೂರಕ್ಕೆ ಸುಮಾರು 12ರಲ್ಲಿ ಮೊದಲು ಕೊಟ್ಟ ರೋಗದ ಹೆಸರೇ ಬದಲಾಯ್ತು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಮೆದುಳಿನ ಗಡ್ಡೆ ವರ್ಗೀಕರಣದಲ್ಲೂ ಮಿಥೈಲೇಷನ್‌ಗೆ ಜಾಗ ಇದೆ. ಥೈರಾಯ್ಡಲ್ಲೂ 2019ರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಶೋಧಕರು ಗಂಟುಗಳನ್ನ ಬೇರ್ಪಡಿಸೋಕೆ ಇಂಥದೇ ಒಂದು ಗುರುತಿನ ಸಮೂಹ ಪ್ರಕಟ ಮಾಡಿದ್ರು, ಬೇರೆ ಗುಂಪುಗಳೂ ಮಾಡಿದಾವೆ. ಆದ್ರೆ ಥೈರಾಯ್ಡ್ ಗಂಟಿಗೆ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಗೆ ಬಂದಿರೋ ಆಫಿರ್ಮಾ, ಥೈರೋಸೆಕ್ ಥರದ ಟೆಸ್ಟುಗಳು ನಿಂತಿರೋದು ಜೀನ್ ಚಟುವಟಿಕೆ ಮತ್ತು ಮ್ಯುಟೇಷನ್ ಮೇಲೆ, ಮಿಥೈಲ್ ಮೇಲಲ್ಲ.

ಯಾಕೆ ಹಿಂದೆ ಉಳಿದಿದೆ ಅಂದ್ರೆ ಕೆಲವು ನಿಜವಾದ ಕಷ್ಟಗಳಿವೆ. ಮೊದಲನೇದು ಮಿಶ್ರಣ. ಸೂಜಿಯಲ್ಲಿ ಗಂಟಿನ ಕೋಶ ಮಾತ್ರ ಬರಲ್ಲ, ರಕ್ತ ಬರತ್ತೆ, ಹಶಿಮೊಟೊ ಥೈರಾಯ್ಡೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡೋ ಉರಿಯೂತ) ಇದ್ರೆ ರಾಶಿ ಬಿಳಿ ರಕ್ತಕಣ ಬರತ್ತೆ. ಪ್ರತಿ ಜಾತಿ ಕೋಶಕ್ಕೂ ಅದರದ್ದೇ ಮಿಥೈಲ್ ಗುರುತು ಇರತ್ತೆ ಅಂತ ಆಗಲೇ ಹೇಳಿದ್ನಲ್ಲ, ಅದೇ ಇಲ್ಲಿ ಮುಳುವಾಗತ್ತೆ. ಒಂದು ಜಾಗದಲ್ಲಿ ನೂರಕ್ಕೆ 40 ಗುರುತು ಅಂತ ಬಂತು ಅನ್ಕೊಳ್ಳಿ, ಅದು ಗಂಟಿನ ಕೋಶ ಬದಲಾಗಿದ್ದಕ್ಕೋ ಅಥವಾ ಪಕ್ಕದಲ್ಲಿ ಬಿಳಿ ರಕ್ತಕಣ ತುಂಬಿದ್ದಕ್ಕೋ? ಇದನ್ನ ಲೆಕ್ಕದಿಂದ ಬಿಡಿಸದೇ ಇದ್ರೆ ಟೆಸ್ಟ್ ಕ್ಯಾನ್ಸರ್ ಬದಲು ಉರಿಯೂತವನ್ನ ಹಿಡಿದುಕೊಂಡು ಬರತ್ತೆ. ವಯಸ್ಸಿನ ಜೊತೆಗೂ ಗುರುತು ಬದಲಾಗತ್ತೆ, ಮಿಥೈಲ್ ನೋಡಿ ವಯಸ್ಸು ಅಂದಾಜು ಮಾಡೋ ಲೆಕ್ಕವೇ ಇದೆ, ಕ್ಯಾನ್ಸರ್ ಗುಂಪಲ್ಲಿ ವಯಸ್ಸಾದವರು ಇನ್ನೊಂದು ಗುಂಪಲ್ಲಿ ಚಿಕ್ಕವರು ಇದ್ರೆ ಮೋಸ ಹೋಗಬಹುದು.

ಎರಡನೇದು ಕಾಕತಾಳೀಯ. 8.5 ಲಕ್ಷ ಜಾಗ ನೋಡ್ತಿದೀರಿ, ಸ್ಯಾಂಪಲ್ ಇರೋದು ಎಂಭತ್ತೋ ನೂರೋ ಜನರದ್ದು. ಸುಮ್ನೆ ಅದೃಷ್ಟದಿಂದಲೇ ಸಾವಿರಕ್ಕೆ ಒಂದು ಜಾಗ ಎರಡೂ ಗುಂಪಲ್ಲಿ ಬೇರೆಬೇರೆ ಕಾಣತ್ತೆ ಅಂದ್ರೂ 850 ಜಾಗ ಸಿಗತ್ತೆ, ಅದರಲ್ಲಿ ಒಂದಕ್ಕೂ ಕ್ಯಾನ್ಸರ್ ಜೊತೆ ಸಂಬಂಧ ಇಲ್ಲದೇ ಇರಬಹುದು. ಅದಕ್ಕೇ ಆರಿಸಿದ ಮಾರ್ಕರನ್ನ ಬೇರೆ ಆಸ್ಪತ್ರೆಯ, ಬೇರೆ ಜನರ ಸ್ಯಾಂಪಲ್ ಮೇಲೆ ಮತ್ತೆ ಪರೀಕ್ಷೆ ಮಾಡಿದಾರಾ ಅನ್ನೋದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಅದರ ಜೊತೆಗೆ ಯಾವ ಗಂಟುಗಳ ಮೇಲೆ ಅನ್ನೋದೂ ನೋಡ್ಬೇಕು. ಸ್ಪಷ್ಟವಾದ ಪ್ಯಾಪಿಲರಿ ಕ್ಯಾನ್ಸರನ್ನ ಆರೋಗ್ಯವಾಗಿರೋ ಥೈರಾಯ್ಡಿಂದ ಬೇರೆ ಮಾಡಿದ್ವಿ, ಭಾರೀ ನಿಖರ ಅಂತ ಬರೆದ್ರೆ ಅದು ಮೈಕ್ರೋಸ್ಕೋಪಿಗೂ ಸುಲಭವಾಗಿದ್ದ ಕೆಲಸ. 3, 4ನೇ ಗುಂಪಿನ ಸೂಜಿ ಸ್ಯಾಂಪಲ್ ಮೇಲೆ ಎಷ್ಟು ಸರಿ ಹೇಳ್ತು ಅನ್ನೋದಷ್ಟೇ ರೋಗಿಗೆ ಬೇಕಾಗಿರೋದು.

ಇನ್ನೊಂದು, ಉತ್ತರ ಪತ್ರಿಕೆಯೇ ಬದಲಾಗಿದೆ. ಸಿಪ್ಪೆಯೊಳಗೇ ಇರೋ, ಎಲ್ಲೂ ನುಗ್ಗದ ಒಂದು ಜಾತಿ ಗಂಟನ್ನ ಮೊದಲು ಪ್ಯಾಪಿಲರಿ ಕ್ಯಾನ್ಸರ್ ಅಂತ ಬರೀತಿದ್ರು, 2016ರಲ್ಲಿ ಅದರ ಹೆಸರಿಂದ ಕ್ಯಾನ್ಸರ್ ಪದ ತೆಗೆದು ನಿಫ್ಟ್‌ಪಿ ಅಂತ ಮಾಡಿದ್ರು, ಯಾಕಂದ್ರೆ ಅದು ಹರಡೋದು ತೀರಾ ಅಪರೂಪ. ಒಳ್ಳೇ ಕೆಲಸ. ಆದ್ರೆ ಅದಕ್ಕೂ ಮೊದಲು ಮಾಡಿದ ಅಧ್ಯಯನಗಳಲ್ಲಿ ಅವೆಲ್ಲ ಕ್ಯಾನ್ಸರ್ ಪಟ್ಟಿಯಲ್ಲೇ ಇದಾವೆ, ಅಂದ್ರೆ ಮಾರ್ಕರ್‌ಗೆ ಪಾಠ ಹೇಳಿಕೊಟ್ಟ ಪುಸ್ತಕದಲ್ಲೇ ತಿದ್ದುಪಡಿ ಆಗ್ಬೇಕು.

ಈಗ ಸ್ವಲ್ಪ ಲೆಕ್ಕ, ಇದು ಬಿಟ್ರೆ "ನೂರಕ್ಕೆ 90 ನಿಖರ" ಅನ್ನೋ ಮಾತು ಯಾರಿಗೂ ಅರ್ಥ ಆಗಲ್ಲ. ಉದಾಹರಣೆಗೆ ಒಂದು ಮಿಥೈಲ್ ಟೆಸ್ಟ್ ಇದೆ ಅನ್ಕೊಳ್ಳಿ, ಕ್ಯಾನ್ಸರ್ ಇರೋ ನೂರರಲ್ಲಿ 90 ಹಿಡಿಯತ್ತೆ, ಕ್ಯಾನ್ಸರ್ ಇಲ್ಲದ ನೂರರಲ್ಲಿ 80ಕ್ಕೆ ಸರಿಯಾಗಿ "ಇಲ್ಲ" ಅನ್ನತ್ತೆ. ಅರ್ಥ ಆಗದ ರಿಪೋರ್ಟ್ ಇರೋ 200 ಜನ ಬಂದ್ರು, ಅದರಲ್ಲಿ 50 ಜನಕ್ಕೆ ನಿಜವಾಗಿ ಕ್ಯಾನ್ಸರ್, 150 ಜನಕ್ಕೆ ಇಲ್ಲ. 50ರಲ್ಲಿ 45 ಸಿಕ್ತು, 5 ತಪ್ಪಿಹೋಯ್ತು. 150ರಲ್ಲಿ 120 ಜನಕ್ಕೆ "ಇಲ್ಲ" ಅಂತ ಬಂತು, 30 ಜನಕ್ಕೆ ಸುಮ್ನೆ ಭಯ. ಅಂದ್ರೆ "ಇಲ್ಲ" ಅಂತ ಬಂದ 125 ಜನರಲ್ಲಿ 120 ಜನಕ್ಕೆ ಆ ಮಾತು ನಿಜ, ನೂರಕ್ಕೆ 96. "ಇದೆ" ಅಂತ ಬಂದ 75 ಜನರಲ್ಲಿ ನಿಜವಾಗಿ ಇರೋದು 45, ನೂರಕ್ಕೆ 60 ಅಷ್ಟೇ. ಒಂದೇ ಟೆಸ್ಟ್, "ಇಲ್ಲ" ಅಂದಾಗ ನಂಬಬಹುದು, "ಇದೆ" ಅಂದಾಗ ಇನ್ನೂ ಯೋಚನೆ ಮಾಡ್ಬೇಕು. ಆದ್ರೂ 120 ಜನ ಆಪರೇಷನ್ನಿಂದ ತಪ್ಪಿಸ್ಕೊಂಡ್ರಲ್ಲ, ನನ್ನ ಪ್ರಕಾರ ಈ ಟೆಸ್ಟಿನ ಬೆಲೆ ಇರೋದು ಆ 120ರಲ್ಲಿ.

ಇದೇ ಟೆಸ್ಟನ್ನ ಕ್ಯಾನ್ಸರ್ ಅರ್ಧಕ್ಕರ್ಧ ಇರೋ ಗುಂಪಿಗೆ ಮಾಡಿ ನೋಡಿ, 200ರಲ್ಲಿ 100 ಕ್ಯಾನ್ಸರ್. ತಪ್ಪಿಹೋಗೋದು 10, ಸರಿಯಾಗಿ "ಇಲ್ಲ" ಅನ್ನಿಸ್ಕೊಳ್ಳೋದು 80, ಅಂದ್ರೆ "ಇಲ್ಲ" ಅನ್ನೋ ಮಾತು ನಿಜ ಆಗೋದು ನೂರಕ್ಕೆ 89ಕ್ಕೆ ಇಳೀತು. ಟೆಸ್ಟ್ ಬದಲಾಗಿಲ್ಲ, ಜನ ಬದಲಾದ್ರು. ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದ ಟೆಸ್ಟನ್ನ ಇನ್ನೊಂದು ಕಡೆ ಹಾಗೇ ಎತ್ತಿಕೊಂಡು ಹೋಗೋಕೆ ಆಗದೇ ಇರೋದು ಇದಕ್ಕೇ.

ರಕ್ತದಲ್ಲೇ ನೋಡಬಹುದಾ ಅಂತ ಬಹಳ ಜನ ಕೇಳ್ತಾರೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಸೆಪ್ಟಿನ್9 ಜೀನಿನ ಮಿಥೈಲ್ ಗುರುತನ್ನ ರಕ್ತದಲ್ಲಿ ಹುಡುಕೋ ಟೆಸ್ಟಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದೆ, ಹಾಗಾಗಿ ಕೇಳೋದು ನ್ಯಾಯವೇ. ಆದ್ರೆ ಥೈರಾಯ್ಡ್ ಕ್ಯಾನ್ಸರ್ ಬಹಳಷ್ಟು ಸಲ ಸಣ್ಣದು, ನಿಧಾನ ಬೆಳೆಯೋದು, ರಕ್ತಕ್ಕೆ ಬಿಡೋ ಡಿಎನ್‌ಎ ತೀರಾ ಕಮ್ಮಿ. ಸಿಕ್ಕಿದ್ರೂ ಎಲ್ಲರಿಗೂ ಮಾಡಿಸೋಣ ಅನ್ನೋದಕ್ಕೆ ನಾನಂತೂ ಒಪ್ಪಲ್ಲ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯ ತಪಾಸಣೆ ಜೊತೆಗೆ ಥೈರಾಯ್ಡ್ ಅಲ್ಟ್ರಾಸೌಂಡ್ ಮಾಡಿಸೋದು ರೂಢಿ ಆದ ಮೇಲೆ 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟು ಆಗಿತ್ತು, ಸಾವಿನ ಪ್ರಮಾಣ ಮಾತ್ರ ಹಾಗೇ ಇತ್ತು. ಅಷ್ಟು ಜನರ ಕುತ್ತಿಗೆ ಕೊಯ್ದಿದ್ದು ತೊಂದರೆ ಕೊಡದೇ ಇರಬಹುದಾಗಿದ್ದ ಕ್ಯಾನ್ಸರಿಗೆ. ಕ್ಯಾನ್ಸರ್ ಇದ್ಯಾ ಅನ್ನೋದರ ಜೊತೆಗೆ ಅದು ಹರಡೋ ಜಾತಿಯದ್ದಾ ಅಂತಲೂ ಮಿಥೈಲ್ ಗುರುತು ಹೇಳೋ ಹಾಗಾದ್ರೆ ಅದರ ಉಪಯೋಗ ಎಷ್ಟೋ ಪಟ್ಟು ಜಾಸ್ತಿ, ಆ ಕಡೆಗೂ ಕೆಲಸ ನಡೀತಿದೆ.

ಸದ್ಯಕ್ಕೆ 3 ಅಥವಾ 4 ಅಂತ ರಿಪೋರ್ಟ್ ಬಂದವರ ಮುಂದೆ ಇರೋ ದಾರಿ ಅಂದ್ರೆ 3 ಇದ್ರೆ ಸ್ವಲ್ಪ ದಿನ ಬಿಟ್ಟು ಸೂಜಿ ಟೆಸ್ಟ್ ಇನ್ನೊಮ್ಮೆ ಮಾಡಿಸೋದು, ಸಿಗೋ ಕಡೆ ಜೀನ್ ಟೆಸ್ಟ್ ಮಾಡಿಸೋದು, ಅಲ್ಟ್ರಾಸೌಂಡಲ್ಲಿ ಗಂಟು ಹೇಗೆ ಕಾಣ್ತಿದೆ ಅನ್ನೋದನ್ನ ಜೊತೆಗಿಟ್ಟು ನೋಡೋದು, ಅನುಮಾನ ಗಟ್ಟಿ ಇದ್ರೆ ಅರ್ಧ ಥೈರಾಯ್ಡ್ ತೆಗೆಸೋದು. ಯಾವುದೇ ಜೀನ್ ಟೆಸ್ಟಲ್ಲಿ "ಇಲ್ಲ" ಅಂತ ಬಂದ್ರೂ ಫೈಲ್ ಮುಚ್ಚಿಟ್ಟು ಮರೆಯೋ ಹಾಗಿಲ್ಲ, ಆ 125 ಜನರಲ್ಲಿ ಉಳಿದ 5 ಜನ ನೆನಪಿದೆಯಲ್ಲ, ಡಾಕ್ಟರ್ ಹೇಳಿದ ಸಮಯಕ್ಕೆ ಮತ್ತೆ ಅಲ್ಟ್ರಾಸೌಂಡ್ ಮಾಡಿಸಿ ಅಂತ ಹೇಳೋದು ಅವರಿಗೋಸ್ಕರ.